ಗ್ಯಾಸು ಅಂದುಕೊಂಡ ಮೂರು ದಿನ

2020ರ ಏಪ್ರಿಲ್, ಕೊರೊನಾ ಲಾಕ್‌ಡೌನ್. ಕೊಡಗಿನ ಸುಂಟಿಕೊಪ್ಪದ ಹತ್ತಿರ ನಮ್ಮ ಚಿಕ್ಕಪ್ಪನ ತೋಟ. ಸಂಜೆ ಕರಿಮೆಣಸಿನ ಚೀಲ ಎತ್ತಿಡುವಾಗ ಅವರಿಗೆ ಎದೆ ಹಿಡಿದಂತಾಯಿತು. ಎಡಗೈ ಸೆಳೆತ, ಮೈಯೆಲ್ಲಾ ಬೆವರು. ಚಿಕ್ಕಮ್ಮ ಶುಂಠಿ ಕಷಾಯ ಮಾಡಿಕೊಟ್ಟರು. ನಾನು ಫೋನ್ ಮಾಡಿದರೆ, "ಗ್ಯಾಸು ಕಣೋ. ಈಗ ಆಸ್ಪತ್ರೆಗೆ ಹೋದ್ರೆ ಇಲ್ಲದ ಕಾಯಿಲೆ ಅಂಟಿಸ್ಕೊಂಡು ಬರ್ಬೇಕು. ಹದಿನಾಲ್ಕು ದಿನ ಕೂಡಿ ಹಾಕಿದ್ರೆ ಹಸು ಯಾರು ನೋಡ್ತಾರೆ?" ಅಂದರು. ನಾನೂ ಹೂಂ ಅಂದೆ. ಆ ಹೂಂ ಇವತ್ತಿಗೂ ಚುಚ್ಚುತ್ತದೆ.

ಮೂರನೇ ದಿನ ಉಸಿರು ಕಟ್ಟಿತು. ಪಕ್ಕದ ಮನೆಯವರ ಜೀಪಿನಲ್ಲಿ ಮಡಿಕೇರಿ, ಅಲ್ಲಿಂದ ಆಂಬುಲೆನ್ಸ್‌ನಲ್ಲಿ 120 ಕಿಲೋಮೀಟರ್ ದೂರದ ಮೈಸೂರು. ಅಲ್ಲಿ ಕ್ಯಾಶುವಾಲ್ಟಿಯಲ್ಲಿ ಜನವೇ ಇರಲಿಲ್ಲವಂತೆ. ನೋವು ಯಾವಾಗ ಶುರುವಾಯ್ತು ಅಂತ ಡಾಕ್ಟರ್ ಕೇಳಿದ್ದಕ್ಕೆ ಚಿಕ್ಕಮ್ಮ, "ಮಳೆ ಬಂತಲ್ಲ, ಅದರ ಮಾರನೇ ದಿನ" ಅಂದರಂತೆ. ಯಾವ ಮಳೆ? ಮೈಸೂರಿನವರಿಗೆ ಪಾಪ ಏನು ಗೊತ್ತು! ಹಾರ್ಟ್ ಅಟ್ಯಾಕ್ ಆದಾಗ ಕೊಡುವ, ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ಮೊದಲ ಕೆಲವು ಗಂಟೆಗಳೇ ಮುಖ್ಯ. ಹನ್ನೆರಡು ಗಂಟೆ ದಾಟಿದರೆ ಅದರಿಂದ ಹೆಚ್ಚು ಪ್ರಯೋಜನವಿಲ್ಲ. ನಾವು ಹೋಗಿದ್ದು ಮೂರನೇ ದಿನ.

ಹೀಗೆ ಮನೆಯಲ್ಲೇ ಕೂತವರು ನಾವು ಮಾತ್ರ ಅಲ್ಲ. ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿಯ ಲೆಕ್ಕದಲ್ಲಿ, ಅಲ್ಲಿ, 2020ರ ಮಾರ್ಚ್ 29ರಿಂದ ಏಪ್ರಿಲ್ 25ರವರೆಗೆ ಎಮರ್ಜೆನ್ಸಿಗೆ ಬಂದವರು ಹಿಂದಿನ ವರ್ಷಕ್ಕಿಂತ 42% ಕಡಿಮೆ. ವಾರಕ್ಕೆ 21 ಲಕ್ಷ ಇದ್ದದ್ದು 12 ಲಕ್ಷಕ್ಕೆ ಇಳಿಯಿತು. ಹತ್ತು ವರ್ಷದೊಳಗಿನ ಮಕ್ಕಳಲ್ಲಂತೂ 72% ಇಳಿಕೆ. ಇಟಲಿಯ 54 ಆಸ್ಪತ್ರೆಗಳಲ್ಲಿ ಮಾರ್ಚ್‌ನ ಒಂದು ವಾರ ಹಾರ್ಟ್ ಅಟ್ಯಾಕ್ ಆಗಿ ಸೇರಿದವರು ಹೆಚ್ಚು ಕಡಿಮೆ ಅರ್ಧಕ್ಕೆ ಇಳಿದರು. ಕೊರೊನಾ ಬಂತು ಅಂತ ಹೃದಯ ರಜೆ ಹಾಕುತ್ತಾ?

ಎಲ್ಲಾ ಇಳಿಕೆಯೂ ಕೆಟ್ಟದ್ದಲ್ಲ, ಒಪ್ಪುತ್ತೇನೆ. ರಸ್ತೆಯಲ್ಲಿ ಗಾಡಿ ಇಲ್ಲ, ಆಕ್ಸಿಡೆಂಟ್ ಕಡಿಮೆ. ಮೇ 4ರವರೆಗೆ ಎಣ್ಣೆ ಅಂಗಡಿ ಬಂದ್. ಬೈಕಲ್ಲಿ ಬಂದು ಬೀಳುವ ಟೂರಿಸ್ಟ್‌ಗಳೂ ಇಲ್ಲ. ಶಾಲೆ ಇಲ್ಲದ ಮೇಲೆ ಮಕ್ಕಳಿಗೆ ಒಬ್ಬರಿಂದೊಬ್ಬರಿಗೆ ಶೀತ ಜ್ವರ ಹರಡುವುದೂ ಕಡಿಮೆ. ಆದರೆ ಮೆಣಸು ಕೊಯ್ಯುವ ಏಣಿಗೆ ಲಾಕ್‌ಡೌನ್ ಇರಲಿಲ್ಲ. ನಮ್ಮ ಲೈನ್ ಮನೆಯ (ತೋಟದ ಕೆಲಸದವರು ಇರುವ ಸಾಲುಮನೆ) ಹುಡುಗನೊಬ್ಬ ಆಗಲೇ ಏಣಿಯಿಂದ ಬಿದ್ದ. ಆಸ್ಪತ್ರೆ ಬೇಡ ಅಂತ ನಾಟಿ ಕಟ್ಟು ಹಾಕಿಸಿಕೊಂಡ. ಆ ಕೈ ಈಗಲೂ ಸೊಟ್ಟ.

ಕೊಡಗಿನವರ ಭಯ ಸುಮ್ನೆ ಹುಟ್ಟಿದ್ದಲ್ಲ. ಮಾರ್ಚ್ 19ಕ್ಕೇ ಜಿಲ್ಲೆಯಲ್ಲಿ ಮೊದಲ ಕೇಸ್ ಬಂದಿತ್ತು. ಮಾಕುಟ್ಟದ ಕಡೆ ಕೇರಳದ ದಾರಿಗೆ ಮಣ್ಣು ಸುರಿದಿದ್ದರು. ಕುಶಾಲನಗರದ ಸೇತುವೆ ದಾಟಿದರೆ ಬೇರೆ ಜಿಲ್ಲೆ, ಪಾಸ್ ಬೇಕು. ಕಾಯಿಲೆಯವರನ್ನು ಬಿಡುತ್ತಾರೆ ಅಂತ ಚಿಕ್ಕಪ್ಪನಿಗೆ ಹೇಳಿದವರು ಯಾರು? ಮೈಕ್ ಕಟ್ಟಿದ ಆಟೋ ದಿನಾ ಬರುತ್ತಿತ್ತು. ಮನೆಯಲ್ಲೇ ಇರಿ, ಕೈ ತೊಳೀರಿ ಅಂತಿತ್ತು. ಆದರೆ ಎದೆ ನೋವು ಬಂದರೆ ಕೂಡಲೇ ಆಸ್ಪತ್ರೆಗೆ ಹೊರಡಿ ಅಂತ ಒಂದು ದಿನವೂ ಅನ್ನಲಿಲ್ಲ. ನನ್ನ ಸಿಟ್ಟು ಲಾಕ್‌ಡೌನ್ ಮೇಲಲ್ಲ, ಆ ಒಂದು ಸಾಲು ಬಿಟ್ಟುಹೋದದ್ದರ ಮೇಲೆ.

ಇನ್ನೊಂದು ಮಾತು. ಆಸ್ಪತ್ರೆ ಮುಂದೂಡುವುದು ನಮಗೆ ಮೊದಲೇ ಅಭ್ಯಾಸ. 2018ರ ಮಳೆಯಲ್ಲಿ ಗುಡ್ಡ ಕುಸಿದು ಸಂಪಾಜೆ ಘಾಟಿ ಮುಚ್ಚಿದಾಗ ಮಂಗಳೂರೇ ದೂರವಾಗಿತ್ತು. 2019ರ ಜೂನ್‌ನಲ್ಲಿ ನಮ್ಮ ಹುಡುಗರು ಕೊಡಗಿಗೊಂದು ಎಮರ್ಜೆನ್ಸಿ ಆಸ್ಪತ್ರೆ ಬೇಕು ಅಂತ ಟ್ವಿಟರ್‌ನಲ್ಲಿ ಅಭಿಯಾನ ನಡೆಸಿದ್ದು ನೆನಪಿದೆ ಅಲ್ವಾ? ಅದಾಗಿ ವರ್ಷ ತುಂಬುವ ಮೊದಲೇ ಲಾಕ್‌ಡೌನ್ ಬಂತು.

ಚಿಕ್ಕಪ್ಪ ಉಳಿದರು. ಆದರೆ ಹೃದಯದ ಪಂಪಿಂಗ್ ಕಡಿಮೆ, ಮೇಲಿನ ತೋಟಕ್ಕೆ ಹತ್ತುವಂತಿಲ್ಲ. ಹೋದ ವಾರ ರಾತ್ರಿ ಹತ್ತಕ್ಕೆ ಫೋನ್ ಮಾಡಿ, "ನಿನ್ನ ಚಿಕ್ಕಮ್ಮನಿಗೆ ಎದೆ ಉರಿಯಂತೆ, ಗ್ಯಾಸಿರ್ಬೇಕು" ಅಂದರು. ಗಾಡಿ ತರ್ತೀನಿ, ರೆಡಿಯಾಗಿರಿ ಅಂದೆ. ಇಸಿಜಿ, ರಕ್ತ ಪರೀಕ್ಷೆ ಎಲ್ಲಾ ಆಯಿತು. ಗ್ಯಾಸೇ. ನಡುರಾತ್ರಿ ವಾಪಸ್ ಬರುವಾಗ ದುಡ್ಡು ದಂಡ ಮಾಡಿಸಿದೆ ಅಂತ ಚಿಕ್ಕಮ್ಮ ದಾರಿಯುದ್ದಕ್ಕೂ ನನ್ನನ್ನು ಬೈದರು. ಚಿಕ್ಕಪ್ಪ ಮಾತ್ರ ಮುಂದಿನ ಸೀಟಲ್ಲಿ ಏನೂ ಮಾತಾಡದೆ ಕೂತಿದ್ದರು.