ಬೂದಿ ಆರುವ ಮೊದಲೇ ಶಾರ್ಟ್ ಸರ್ಕ್ಯೂಟ್

ಊರಿನ ಪತ್ರಿಕೆಗಳನ್ನು ಈಗಲೂ ದಿನಾ ಮೊಬೈಲ್‌ನಲ್ಲಿ ಓದುತ್ತೇನೆ. ಅಂಗಡಿಗೋ ಗೋದಾಮಿಗೋ ಬೆಂಕಿ ಬಿದ್ದ ಸುದ್ದಿ ಇದ್ದರೆ ಅದರ ಕೊನೆಯ ಸಾಲು ಏನು ಅಂತ ಓದದೇ ಹೇಳಬಹುದು. ‘ಶಾರ್ಟ್ ಸರ್ಕ್ಯೂಟ್‌ನಿಂದ ಬೆಂಕಿ ಹೊತ್ತಿಕೊಂಡಿರಬಹುದು ಎಂದು ಶಂಕಿಸಲಾಗಿದೆ.’ ಯಾರು ಶಂಕಿಸಿದರು, ಏನು ನೋಡಿ ಶಂಕಿಸಿದರು, ಅದು ಇರುವುದಿಲ್ಲ. ಆ ಶಂಕೆ ನಿಜವಾಯಿತೋ ಸುಳ್ಳಾಯಿತೋ ಅನ್ನುವ ಸುದ್ದಿ ಆಮೇಲೂ ಬರುವುದಿಲ್ಲ.

ನಾನು ಎಲೆಕ್ಟ್ರಿಕಲ್ ಎಂಜಿನಿಯರ್. ಅಮೆರಿಕದ ಟೆಕ್ಸಸ್‌ನಲ್ಲಿ, ಡಲ್ಲಾಸ್ ಹತ್ತಿರ ವಾಸ. ಬೆಂಕಿ ಬಿದ್ದ ಮನೆಗಳ ವೈರಿಂಗ್ ನೋಡಿ ವರದಿ ಕೊಡುವುದು ನನ್ನ ಕೆಲಸದ ಒಂದು ಭಾಗ. ಹಾಗಾಗಿ ಆ ಸಾಲು ಕಂಡರೆ ಸುಮ್ನೆ ಮುಂದೆ ಹೋಗುವುದಕ್ಕೆ ಆಗುವುದಿಲ್ಲ.

ಸುಟ್ಟ ಗೋಡೆಯಲ್ಲಿ ವೈರ್ ಎಳೆದು ನೋಡಿದರೆ ತುದಿಯಲ್ಲಿ ತಾಮ್ರ ಕರಗಿ ಸಾಸಿವೆ ಗಾತ್ರದ ಗುಂಡು ಆಗಿರುತ್ತದೆ. ‘ನೋಡಿ, ಇಲ್ಲಿ ಶಾರ್ಟ್ ಆಗಿದೆ’ ಅನ್ನುತ್ತಾರೆ. ಆಗಿದೆ, ಸರಿ. ಆದರೆ ಯಾವಾಗ? ಬೇರೆ ಎಲ್ಲೋ ಹುಟ್ಟಿದ ಬೆಂಕಿ ಗೋಡೆಗೆ ಬಂದು ವೈರ್ ಮೇಲಿನ ಪಿವಿಸಿ ಸುಟ್ಟರೆ ಒಳಗಿನ ತಂತಿಗಳು ಒಂದಕ್ಕೊಂದು ತಾಗುತ್ತವೆ. ಕಿಡಿ ಹಾರುತ್ತದೆ. ಆಗಲೂ ಅದೇ ಗುಂಡು. ಬೆಂಕಿ ಅಲ್ಲಿಗೆ ಬಂದಾಗ ಆ ವೈರ್‌ನಲ್ಲಿ ಕರೆಂಟ್ ಇತ್ತು ಅಂತ ಮಾತ್ರ ಅದು ಹೇಳುತ್ತದೆ. ಬೆಂಕಿಗೆ ಅದು ಕಾರಣವೂ ಆಗಿರಬಹುದು, ಪರಿಣಾಮವೂ ಆಗಿರಬಹುದು. ನಿಜವಾಗಿ ಬೆಂಕಿ ಹಚ್ಚುವುದು ಎಷ್ಟೋ ಸಲ ಶಾರ್ಟ್ ಅಲ್ಲವೇ ಅಲ್ಲ. ಗೀಸರ್ ಸಾಕೆಟ್ ಒಳಗೆ ಸಡಿಲವಾದ ಒಂದು ಸ್ಕ್ರೂ ತಿಂಗಳುಗಟ್ಟಲೆ ಕಾಯುತ್ತಾ, ಸುತ್ತಲಿನ ಪ್ಲಾಸ್ಟಿಕ್ ಕರಿ ಮಾಡುತ್ತಾ ಇರುತ್ತದೆ. ಕರೆಂಟ್ ಮಿತಿ ಮೀರಿದರೆ ತಾನೇ ಆಫ್ ಆಗುವ ಎಂಸಿಬಿ ಸ್ವಿಚ್ ಅದಕ್ಕೆ ಟ್ರಿಪ್ ಆಗುವುದಿಲ್ಲ, ಯಾಕಂದರೆ ಕರೆಂಟ್ ಜಾಸ್ತಿ ಹರಿಯುತ್ತಲೇ ಇಲ್ಲ.

ಇಷ್ಟು ಕೇಳಿ ‘ಅಮೆರಿಕದಲ್ಲಿ ಎಲ್ಲಾ ಸರಿ, ನಮ್ಮಲ್ಲಿ ಎಲ್ಲಾ ತಪ್ಪು’ ಅನ್ನುವ ಎನ್‌ಆರ್‌ಐ ಪುರಾಣ ಶುರು ಆಯ್ತು ಅಂದುಕೊಳ್ಳಬೇಡಿ. ಇಲ್ಲಿನವರು ಮಾಡಿದ ತಪ್ಪಿಗೆ ಒಬ್ಬನ ಪ್ರಾಣವೇ ಹೋಗಿದೆ ಅಂತ ನಂಬುವವರಲ್ಲಿ ನಾನೂ ಒಬ್ಬ.

ಡಲ್ಲಾಸ್‌ನಿಂದ ಹ್ಯೂಸ್ಟನ್ ದಾರಿಯಲ್ಲಿ ಕೋರ್ಸಿಕಾನಾ ಅನ್ನುವ ಚಿಕ್ಕ ಊರಿದೆ. 1991ರ ಡಿಸೆಂಬರ್ 23ರಂದು ಅಲ್ಲಿ ಒಂದು ಮನೆಗೆ ಬೆಂಕಿ ಬಿದ್ದು ಮೂವರು ಪುಟ್ಟ ಹೆಣ್ಣುಮಕ್ಕಳು ತೀರಿಕೊಂಡರು. ತಂದೆ ಕ್ಯಾಮರಾನ್ ಟಾಡ್ ವಿಲಿಂಗ್‌ಹ್ಯಾಮ್ ಬದುಕಿ ಹೊರಗೆ ಬಂದಿದ್ದ. ತನಿಖೆ ಮಾಡಿದವರು ನೆಲದ ಮೇಲಿನ ಸುಟ್ಟ ಗುರುತು ನೋಡಿ, ಎಣ್ಣೆಯಂಥ ಏನನ್ನೋ ಸುರಿದು ಬೆಂಕಿ ಹಚ್ಚಿದ್ದಾರೆ ಅಂದರು. ಕಿಟಕಿ ಗಾಜು ಜೇಡರ ಬಲೆಯಂತೆ ಬಿರುಕು ಬಿಟ್ಟಿದ್ದೂ ಅದಕ್ಕೇ ಸಾಕ್ಷಿ ಅಂದರು. 2004ರ ಫೆಬ್ರವರಿ 17ರಂದು ವಿಲಿಂಗ್‌ಹ್ಯಾಮ್‌ಗೆ ಮರಣದಂಡನೆ ಆಯಿತು. ಐದು ವರ್ಷದ ಮೇಲೆ ಟೆಕ್ಸಸ್‌ನ ಫೊರೆನ್ಸಿಕ್ ಸೈನ್ಸ್ ಕಮಿಷನ್ ಕೇಳಿದ್ದಕ್ಕೆ ಕ್ರೇಗ್ ಬೇಲರ್ ಅನ್ನುವ ತಜ್ಞ ವರದಿ ಕೊಟ್ಟರು. ಬೆಂಕಿ ಯಾರೋ ಹಚ್ಚಿದ್ದು ಅನ್ನುವ ತೀರ್ಮಾನಕ್ಕೆ ವಿಜ್ಞಾನದ ಆಧಾರವೇ ಇಲ್ಲ ಅನ್ನುವುದು ಅದರ ಸಾರ.

ಆ ಗಾಜಿನ ಕಥೆ ಕೇಳಿ. ಬಹಳ ಬೇಗ ಬಿಸಿಯಾದರೆ ಗಾಜು ಹಾಗೆ ಬಿರುಕು ಬಿಡುತ್ತದೆ, ಬೇಗ ಬಿಸಿಯಾಗಬೇಕಾದರೆ ಪೆಟ್ರೋಲೋ ಸೀಮೆಎಣ್ಣೆಯೋ ಇರಲೇಬೇಕು ಅಂತ ಹಳಬರು ಕಿರಿಯರಿಗೆ ಹೇಳಿಕೊಡುತ್ತಿದ್ದರು. 1991ರಲ್ಲೇ ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡ್ ಬೆಟ್ಟಗಳ ಕಾಳ್ಗಿಚ್ಚಿನಲ್ಲಿ ಸಾವಿರಾರು ಮನೆ ಸುಟ್ಟವು. ಅಲ್ಲಿ ಹೋಗಿ ನೋಡಿದರೆ, ಯಾರೂ ಎಣ್ಣೆ ಸುರಿಯದ ಮನೆಗಳಲ್ಲೂ ಅಂಥದೇ ಗಾಜು. ಆಮೇಲೆ ಲ್ಯಾಬ್‌ನಲ್ಲಿ ಪರೀಕ್ಷೆ ಮಾಡಿದಾಗ ಗೊತ್ತಾಗಿದ್ದು ಇಷ್ಟು: ಕಾದ ಗಾಜಿನ ಮೇಲೆ ತಣ್ಣೀರು ಬಿದ್ದಾಗ ಹಾಗಾಗುತ್ತದೆ. ಅಂದರೆ ಅಗ್ನಿಶಾಮಕದವರ ಪೈಪಿನ ನೀರೇ ಆ ‘ಸಾಕ್ಷಿ’ಯನ್ನು ಹುಟ್ಟಿಸಿತ್ತು!

ಇಲ್ಲಿ ಬದಲಾವಣೆ ತಂದಿದ್ದು ಒಂದು ಪುಸ್ತಕ. ಬೆಂಕಿ ಸುರಕ್ಷತೆಯ ಮಾನದಂಡ ಬರೆಯುವ ಎನ್‌ಎಫ್‌ಪಿಎ ಅನ್ನುವ ಸಂಸ್ಥೆಯ ‘ಎನ್‌ಎಫ್‌ಪಿಎ 921’ ಕೈಪಿಡಿ 1992ರಲ್ಲಿ ಬಂತು. ಬೆಂಕಿ ಎಲ್ಲಿ ಹುಟ್ಟಿತು, ಹೇಗೆ ಹುಟ್ಟಿತು ಅಂತ ಊಹೆ ಮಾಡಿ, ಆ ಊಹೆಯನ್ನು ನೀನೇ ಸುಳ್ಳು ಮಾಡಲು ನೋಡು, ಆಗದಿದ್ದರೆ ಮಾತ್ರ ಹೇಳು ಅನ್ನುವುದು ಅದರ ತಿರುಳು. ಸುಲಭವಾಗಿ ಒಪ್ಪಿಕೊಂಡರು ಅಂದುಕೊಳ್ಳಬೇಡಿ. ಫೆಡರಲ್ ಕೋರ್ಟಿನ ಒಂದು ಇನ್ಶೂರೆನ್ಸ್ ಕೇಸಿನಲ್ಲಿ ತನಿಖೆ ಮಾಡುವವರ ಸಂಘವಾದ ಐಎಎಐ, ನಮ್ಮ ಕೆಲಸ ಅಷ್ಟೇನೂ ವಿಜ್ಞಾನವಲ್ಲ, ವಿಜ್ಞಾನಿಗಳಿಗಿಡುವ ಅಳತೆಗೋಲು ನಮಗೆ ಬೇಡ ಅಂತ ವಾದಿಸಿತ್ತು. 1998ರಲ್ಲಿ ಕೋರ್ಟ್ ಅದನ್ನು ಒಪ್ಪಲಿಲ್ಲ. ಇವತ್ತು ಅದೇ ಸಂಘ ಪರೀಕ್ಷೆ ಇಟ್ಟು ಸಿಎಫ್‌ಐ ಅನ್ನುವ ಸರ್ಟಿಫಿಕೇಟ್ ಕೊಡುತ್ತದೆ. ಕಾಲ ಬದಲಾಗುತ್ತೆ ನೋಡಿ.

ಈಗ ತನಿಖೆ ಮಾಡುವವನಿಗೆ ಏನೇನು ಗೊತ್ತಿರಬೇಕು ಅನ್ನುವುದಕ್ಕೆ ಎನ್‌ಎಫ್‌ಪಿಎ 1033 ಅಂತ ಬೇರೆ ಮಾನದಂಡವಿದೆ. ಅದರ 2014ರ ಆವೃತ್ತಿಯಲ್ಲಿ 16 ವಿಷಯಗಳ ಪಟ್ಟಿ ಇತ್ತು. ಬೆಂಕಿಯ ರಸಾಯನ, ಶಾಖ ಹರಡುವ ರೀತಿ, ಸ್ಫೋಟ, ವಿದ್ಯುತ್ ವ್ಯವಸ್ಥೆ, ಸಾಕ್ಷಿ ಕಾಪಾಡುವುದು, ಹೀಗೆ. ಸಿಎಫ್‌ಐ ಸರ್ಟಿಫಿಕೇಟ್ ಐದು ವರ್ಷಕ್ಕೊಮ್ಮೆ ನವೀಕರಿಸಬೇಕು. ಮದ್ಯ, ತಂಬಾಕು, ಬಂದೂಕು, ಸ್ಫೋಟಕಗಳ ಮೇಲೆ ಕಣ್ಣಿಡುವ, ಇಲ್ಲಿನ ಕೇಂದ್ರ ಸರ್ಕಾರದ ಎಟಿಎಫ್ ಸಂಸ್ಥೆಯಲ್ಲಿ ಬೆಂಕಿ ತನಿಖೆಯ ತರಬೇತಿಯೇ ಎರಡು ವರ್ಷ. ಟೆಕ್ಸಸ್‌ನಲ್ಲಿ ಅಗ್ನಿಶಾಮಕ ಇಲಾಖೆಯ ತನಿಖೆಗಾರರಿಗೆ ರಾಜ್ಯದ ಫೈರ್ ಪ್ರೊಟೆಕ್ಷನ್ ಕಮಿಷನ್ ಪ್ರತ್ಯೇಕ ಸರ್ಟಿಫಿಕೇಟ್ ಕೊಡುತ್ತದೆ.

ಬರೀ ಓದಿ ಬರೆದರೆ ಮುಗಿಯುವುದಿಲ್ಲ. ಸಾಕ್ಷಿ ಸಂಗ್ರಹಕ್ಕೇ ಒಂದು ಪ್ರಾಯೋಗಿಕ ಪರೀಕ್ಷೆ ಇದೆ. ಸುಟ್ಟ ಕಾರ್ಪೆಟ್ ತುಂಡನ್ನು ಹೊಸ ತಗಡಿನ ಡಬ್ಬಿಗೆ ಹಾಕಬೇಕು, ಪೇಂಟ್ ಬರುತ್ತದಲ್ಲ ಅಂಥದ್ದೇ ಡಬ್ಬಿ. ಪೂರ್ತಿ ತುಂಬಬಾರದು, ಮೇಲೆ ಜಾಗ ಬಿಡಬೇಕು. ಯಾಕಂದರೆ ಲ್ಯಾಬ್‌ನವರು ಆ ಖಾಲಿ ಜಾಗದಲ್ಲಿ ಇದ್ದಿಲಿನ ಪಟ್ಟಿ ತೂಗುಬಿಟ್ಟು, ಡಬ್ಬಿ ಬಿಸಿ ಮಾಡಿ, ಏಳುವ ಆವಿಯನ್ನು ಹಿಡಿಯುತ್ತಾರೆ. ಒಂದು ಸ್ಯಾಂಪಲ್ ಆದ ಮೇಲೆ ಗ್ಲೋವ್ಸ್ ಬದಲಿಸಬೇಕು. ಅದೇ ಕಾರ್ಪೆಟ್‌ನ ಸುಡದ ತುಂಡೂ ಬೇಕು, ಹೋಲಿಸಿ ನೋಡಲು. ಮಾಮೂಲಿ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಟ್ಟರೆ ಪೆಟ್ರೋಲ್ ಆವಿ ನಿಧಾನವಾಗಿ ಹೊರಗೆ ಹೋಗುತ್ತದೆ, ಸಾಕ್ಷಿಯೂ ಅದರ ಜೊತೆಗೇ.

ಹಾಗಂತ ಸರ್ಟಿಫಿಕೇಟ್ ಇದ್ದವರೆಲ್ಲ ಪಂಡಿತರಲ್ಲ. 2005ರಲ್ಲಿ ಲಾಸ್ ವೇಗಸ್‌ನಲ್ಲಿ ಎಟಿಎಫ್‌ನವರು ಬೆಡ್‌ರೂಮ್‌ನಂಥ ಎರಡು ಕೋಣೆ ಕಟ್ಟಿ ಬೆಂಕಿ ಇಟ್ಟರು. ಕೋಣೆಯೆಲ್ಲ ಧಗ್ ಅಂತ ಹೊತ್ತಿಕೊಂಡ ಮೇಲೆ ಎರಡು ನಿಮಿಷ ಬಿಟ್ಟು ಆರಿಸಿದರು. ಕೋಣೆಯನ್ನು ನಾಲ್ಕು ಭಾಗ ಮಾಡಿ, ಬೆಂಕಿ ಯಾವ ಭಾಗದಲ್ಲಿ ಶುರುವಾಯಿತು ಅಂತ 53 ಜನ ತನಿಖೆಗಾರರನ್ನು ಕೇಳಿದರು. ಪ್ರತಿ ಕೋಣೆಯಲ್ಲೂ ಸರಿ ಹೇಳಿದವರು 3 ಜನ. ಕಣ್ಣು ಮುಚ್ಚಿ ಬೆರಳು ಇಟ್ಟಿದ್ದರೂ ಹದಿಮೂರು ಜನರದ್ದು ಸರಿಯಾಗುತ್ತಿತ್ತು, ಅಲ್ವಾ?

ನನಗೆ ಈ ದೇಶದಲ್ಲಿ ಮೆಚ್ಚುಗೆಯಾಗಿದ್ದು ಸರ್ಟಿಫಿಕೇಟಿಗಿಂತ ಇದು. ತಾವೇ ಕೋಣೆ ಕಟ್ಟಿ, ತಾವೇ ಸುಟ್ಟು, ತಮ್ಮವರೇ ಫೇಲಾದದ್ದನ್ನು ಮುಚ್ಚಿಡದೆ ಹೇಳಿದರು. ಮುಂದೆ ಟೆಕ್ಸಸ್‌ನಲ್ಲಿ ಬೆಂಕಿ ತನಿಖೆ ಮಾಡುವ ಸ್ಟೇಟ್ ಫೈರ್ ಮಾರ್ಷಲ್ ಕಚೇರಿಯೇ, ನಿರಪರಾಧಿಗಳ ಪರ ಕೆಲಸ ಮಾಡುವ ವಕೀಲರ ಜೊತೆ ಕೂತು ಹಳೇ ಕೇಸುಗಳನ್ನು ತಿರುವಿ ನೋಡಿತು.

ಈಗ ನಮ್ಮ ಕಡೆ ಬನ್ನಿ. ಇಲ್ಲಿನವರಿಗೆ ಎಲ್ಲ ಬೆಂಕಿಯಲ್ಲೂ ಒಬ್ಬ ಅಪರಾಧಿ ಕಾಣುತ್ತಿದ್ದ. ನಮ್ಮಲ್ಲಿ ಯಾರೂ ಕಾಣುವುದಿಲ್ಲ. ಶಾರ್ಟ್ ಸರ್ಕ್ಯೂಟ್ ಅಂದುಬಿಟ್ಟರೆ ಮಾಲೀಕನಿಗೂ ನೆಮ್ಮದಿ, ವೈರಿಂಗ್ ಮಾಡಿದವನಿಗೂ ನೆಮ್ಮದಿ, ಲೈಸೆನ್ಸ್ ಕೊಟ್ಟವರಿಗೂ ನೆಮ್ಮದಿ. ಎರಡೂ ಕಡೆ ಆಗಿದ್ದು ಒಂದೇ, ಊಹೆಯನ್ನು ಯಾರೂ ಪರೀಕ್ಷೆಗೆ ಒಡ್ಡಲಿಲ್ಲ.

ನೋಡುವವರಿಲ್ಲ ಅಂತಲ್ಲ. ಅಗ್ನಿಶಾಮಕ ಠಾಣೆಯವರು ಫೈರ್ ರಿಪೋರ್ಟ್ ಕೊಡುತ್ತಾರೆ. ಪೊಲೀಸರು ಮಹಜರು ಮಾಡುತ್ತಾರೆ. ಎಫ್‌ಎಸ್‌ಎಲ್‌ಗೆ, ಅಂದರೆ ಸರ್ಕಾರದ ಫೊರೆನ್ಸಿಕ್ ಲ್ಯಾಬ್‌ಗೆ, ಸ್ಯಾಂಪಲ್ ಹೋಗುತ್ತದೆ. ವಿದ್ಯುತ್ ಪರಿವೀಕ್ಷಕರು ವೈರಿಂಗ್ ನೋಡುತ್ತಾರೆ, ಸ್ಫೋಟಕ ಅಥವಾ ಪೆಟ್ರೋಲಿಯಂ ಆದರೆ ನಾಗಪುರದಲ್ಲಿ ಮುಖ್ಯ ಕಚೇರಿ ಇರುವ ಪೆಸೊ (ಕೇಂದ್ರದ ಪೆಟ್ರೋಲಿಯಂ ಮತ್ತು ಸ್ಫೋಟಕ ಸುರಕ್ಷತಾ ಸಂಸ್ಥೆ) ಬರುತ್ತದೆ, ಇನ್ಶೂರೆನ್ಸ್ ಸರ್ವೇಯರ್ ಕೊನೆಗೆ. ಬೆಂಕಿ ಎಲ್ಲಿ ಹುಟ್ಟಿತು ಅನ್ನುವ ಒಂದೇ ಪ್ರಶ್ನೆ ಹೊತ್ತು ಮೊದಲಿಂದ ಕೊನೇವರೆಗೆ ನಿಲ್ಲುವವರು ಇವರಲ್ಲಿ ಯಾರು? ನಾಗಪುರದ ರಾಷ್ಟ್ರೀಯ ಅಗ್ನಿಶಾಮಕ ಕಾಲೇಜು 1950ರ ದಶಕದಿಂದ ಒಳ್ಳೊಳ್ಳೆ ಅಧಿಕಾರಿಗಳನ್ನು ತಯಾರು ಮಾಡಿದೆ. ಆದರೆ ಬೆಂಕಿ ಆರಿಸುವುದು ಒಂದು ವಿದ್ಯೆ, ಆರಿದ ಬೆಂಕಿಯನ್ನು ಓದುವುದು ಇನ್ನೊಂದು.

ಕೋರ್ಟಿನಲ್ಲೂ ಒಂದು ವ್ಯತ್ಯಾಸವಿದೆ. ನಮ್ಮ ಕ್ರಿಮಿನಲ್ ಪ್ರಕ್ರಿಯಾ ಕಾನೂನಿನಲ್ಲಿ (ಹಿಂದೆ ಸಿಆರ್‌ಪಿಸಿ 293, ಈಗ ಬಿಎನ್‌ಎಸ್‌ಎಸ್ 329) ಎಫ್‌ಎಸ್‌ಎಲ್ ನಿರ್ದೇಶಕರು, ಸ್ಫೋಟಕಗಳ ಮುಖ್ಯ ನಿಯಂತ್ರಕರಂಥವರ ವರದಿಯನ್ನು ಅವರನ್ನು ಕಟಕಟೆಗೆ ಕರೆಯದೆಯೂ ಸಾಕ್ಷಿಯಾಗಿ ತೆಗೆದುಕೊಳ್ಳಬಹುದು. ಬೇಕಿದ್ದರೆ ಕೋರ್ಟ್ ಕರೆಸಬಹುದು, ಆದರೆ ಕರೆಸಲೇಬೇಕು ಅಂತಿಲ್ಲ. ಕೇಸುಗಳ ರಾಶಿ ನೋಡಿದರೆ ಇದಕ್ಕೆ ಕಾರಣವಿದೆ, ಒಪ್ಪುತ್ತೇನೆ. ಆದರೆ ಇಲ್ಲಿ ‘ಇದು ನಿನಗೆ ಹೇಗೆ ಗೊತ್ತು?’ ಅಂತ ಎದುರಿನ ವಕೀಲ ಗಂಟೆಗಟ್ಟಲೆ ಕೇಳುತ್ತಾನೆ ಅನ್ನುವ ಭಯವೇ ಅರ್ಧ ತರಬೇತಿ.

‘ಸಿಲಿಂಡರ್ ಸ್ಫೋಟ’ ಅನ್ನುವುದೂ ಶಾರ್ಟ್ ಸರ್ಕ್ಯೂಟ್‌ನ ತಮ್ಮನೇ. ಫೋಟೋದಲ್ಲಿ ಮನೆಯ ಗೋಡೆ ಬಿದ್ದಿರುತ್ತದೆ, ಸಿಲಿಂಡರ್ ಮಾತ್ರ ಗುಂಡುಕಲ್ಲಿನ ಹಾಗೆ ನಿಂತಿರುತ್ತದೆ! ಅಲ್ಲಿ ಸಿಡಿದದ್ದು ಸೋರಿ ಕೋಣೆ ತುಂಬಿದ್ದ ಗ್ಯಾಸ್. ಹಾಗಾದರೆ ನೋಡಬೇಕಾದ್ದು ಟ್ಯೂಬ್, ರೆಗ್ಯುಲೇಟರ್, ವಾಲ್ವ್ ಒಳಗಿನ ರಬ್ಬರ್ ರಿಂಗ್. ಸಿಲಿಂಡರೇ ಸೀಳಿದ್ದರೆ ಅದು ಬೇರೆ ಕಥೆ. ಬಹುಶಃ ಮೊದಲು ಬೇರೆ ಬೆಂಕಿ ಅದನ್ನು ಕಾಯಿಸಿದೆ. ಎರಡಕ್ಕೂ ಒಂದೇ ಹೆಸರು ಇಟ್ಟರೆ ರಬ್ಬರ್ ರಿಂಗ್ ಮಾರಿದವನು ಸಿಗುವುದೇ ಇಲ್ಲ.

ಹಾಗಾದರೆ ಅಮೆರಿಕದ ಪರೀಕ್ಷೆಯನ್ನೇ ತಂದು ಎಲ್ಲರಿಗೂ ಬರೆಸೋಣವೇ? ನನಗೆ ಅದರಲ್ಲಿ ನಂಬಿಕೆ ಕಡಿಮೆ. ಇಲ್ಲಿನ ಪುಸ್ತಕ ಮರದ ಚೌಕಟ್ಟಿನ, ಕಾರ್ಪೆಟ್ ಹಾಸಿದ ಮನೆಗಳನ್ನು ಜಾಸ್ತಿ ನೋಡಿದೆ. ನಮ್ಮದು ಇಟ್ಟಿಗೆ ಗೋಡೆ, ಆರ್‌ಸಿಸಿ ಚಾವಣಿ, ಕೆಳಗೆ ಅಂಗಡಿ ಮೇಲೆ ಮನೆ, ಕಿಟಕಿಗೆ ಕಬ್ಬಿಣದ ಗ್ರಿಲ್. ಅದರಲ್ಲಿ ಬೆಂಕಿ ಹೇಗೆ ಓಡುತ್ತದೆ ಅಂತ ನಾವೇ ಸುಟ್ಟು ನೋಡಬೇಕು. ಬನ್ನೇರುಘಟ್ಟ ರಸ್ತೆಯಲ್ಲಿ ಅಗ್ನಿಶಾಮಕದವರ ಮುಂಡ್ಕೂರ್ ಅಕಾಡೆಮಿ ಇದೆ. ಧಾರವಾಡಕ್ಕೆ ರಾಷ್ಟ್ರೀಯ ಫೊರೆನ್ಸಿಕ್ ವಿಶ್ವವಿದ್ಯಾಲಯದ ಕ್ಯಾಂಪಸ್ ಬಂದಿದೆ. ಅಂಗಡಿ ಅಳತೆಯ ನಾಲ್ಕು ಕೋಣೆ, ಗುಜರಿಯಿಂದ ತಂದ ಸೋಫಾ, ಹಾಸಿಗೆ, ಸೀರೆ ರಟ್ಟಿನ ಡಬ್ಬಿಗಳು ಸಾಕು. ಸುಟ್ಟು ಆರಿಸಿ, ಠಾಣಾಧಿಕಾರಿ, ಇನ್‌ಸ್ಪೆಕ್ಟರ್, ವಿದ್ಯುತ್ ಪರಿವೀಕ್ಷಕ, ಸರ್ವೇಯರ್ ಎಲ್ಲರನ್ನೂ ಒಟ್ಟಿಗೆ ಒಳಗೆ ಬಿಡಿ. ಎಲ್ಲಿ ಹುಟ್ಟಿತು ಅಂತ ಚೀಟಿಯಲ್ಲಿ ಬರೆಯಲಿ. ಎಷ್ಟು ಜನರದ್ದು ಸರಿ ಅಂತ ಪತ್ರಿಕೆಗೂ ಕೊಡಿ.

ಇನ್ನೊಂದು ಕೆಲಸ ಇದಕ್ಕಿಂತ ಅಗ್ಗ, ಆದರೆ ಜಾಸ್ತಿ ಕಷ್ಟ. ಇಲ್ಲಿ ‘ಕಾರಣ ನಿರ್ಧರಿಸಲು ಆಗಲಿಲ್ಲ’ ಅಂತ ಬರೆದು ಸಹಿ ಹಾಕಿದರೆ ಅದೂ ಒಂದು ಮರ್ಯಾದೆಯ ಉತ್ತರ. ನಾನೂ ಎಷ್ಟೋ ಸಲ ಹಾಗೆ ಬರೆದಿದ್ದೇನೆ. ನಮ್ಮಲ್ಲಿ ಹಾಗೆ ಬರೆದರೆ ಅಧಿಕಾರಿಗೆ ಕೆಲಸ ಬರುವುದಿಲ್ಲ ಅಂತಾರೆ, ಅಂಗಡಿಯವನಿಗೆ ಕ್ಲೇಮ್ ಸಿಗುವುದಿಲ್ಲ ಅನ್ನುವ ಹೆದರಿಕೆ. ಅವನೇ ಬಂದು ‘ಸಾರ್, ಶಾರ್ಟ್ ಸರ್ಕ್ಯೂಟ್ ಅಂತ ಬರೆದುಬಿಡಿ’ ಅಂತ ಕೈ ಮುಗಿದರೆ ಯಾವ ಅಧಿಕಾರಿ ಬೇಡ ಅಂದಾನು? ಕಾರಣ ತಿಳಿಯದ ಬೆಂಕಿಗೂ, ಮೋಸ ಕಾಣದಿದ್ದರೆ ದುಡ್ಡು ಕೊಡಲೇಬೇಕು ಅಂತ ಇನ್ಶೂರೆನ್ಸ್ ಕಂಪನಿಗಳಿಗೆ ಸ್ಪಷ್ಟವಾಗಿ ಹೇಳುವುದು ವಿಮಾ ನಿಯಂತ್ರಕ ಸಂಸ್ಥೆ ಐಆರ್‌ಡಿಎಐ ಕೈಯಲ್ಲಿದೆ. ತರಬೇತಿಗಿಂತ ಮೊದಲು ಅದು ಆಗಬೇಕು ಅನ್ನುವುದು ನನ್ನ ಅನಿಸಿಕೆ.