ಹತ್ತೊಂಬತ್ತು ಮಿಲಿಮೀಟರ್

ಮಾವನ ಆಸ್ತಿ ಅಳಿಯನಿಗೆ ಹೋಗುವ ಅಳಿಯಸಂತಾನ ಪದ್ಧತಿ ಬರೀ ಕಾನೂನಿನ ಪುಸ್ತಕಗಳೊಳಗಿನ ಮಾತಾಗಿ ಎಷ್ಟೋ ಕಾಲವಾಯಿತು. ಆದರೂ ನನಗೆ ಸೋದರಮಾವನ ಕಡೆಯಿಂದ ಒಂದು ಆಸ್ತಿ ಬಂತು. ಗದ್ದೆಯಲ್ಲ, ತೆಂಗಿನ ತೋಟವಲ್ಲ. ನಿಡೋ ಹಾಲಿನ ಪುಡಿಯ ಹಳೇ ಡಬ್ಬಿಯಲ್ಲಿ ಬೀಗದ ಕೈ, ಶರ್ಟಿನ ಗುಂಡಿಗಳ ಜೊತೆ ಬಿದ್ದಿದ್ದ ಒಂದು ಸೀಕೊ 5 ವಾಚು. ಡಬ್ಬಿ ಖಾಲಿ ಮಾಡುತ್ತಿದ್ದ ಅತ್ತೆ, "ನೀನೇ ಇಟ್ಕೋ ಮಗಾ, ಇವರಿಗೆ ಯಾರಿಗೂ ಬೇಡವಂತೆ" ಎಂದರು. ವಾಚು ಇತ್ತು, ಬೆಲ್ಟ್ ಇರಲಿಲ್ಲ. ಅವತ್ತು ಅದು ದೊಡ್ಡ ಸಂಗತಿ ಅನ್ನಿಸಲಿಲ್ಲ.

ಮಾವ ಅದನ್ನು ಎಂಬತ್ತರ ದಶಕದಲ್ಲಿ ಮಸ್ಕತ್ತಿನಿಂದ ಮೊದಲ ರಜೆಗೆ ಬರುವಾಗ ಕಟ್ಟಿಕೊಂಡು ಬಂದದ್ದು. ಈ ಸೀಕೊ 5 ಅನ್ನುವುದು 1963ರಿಂದ ಬರುತ್ತಿರುವ ಜಾತಿ. ಹೆಸರಿನ ಐದು ಅಂದರೆ ಐದು ಗುಣ: ತಾನಾಗಿ ಕೀ ತುಂಬಿಕೊಳ್ಳುವುದು, ವಾರ ಮತ್ತು ತಾರೀಕು ಒಂದೇ ಕಿಟಕಿಯಲ್ಲಿ ಕಾಣುವುದು, ನೀರಿಗೆ ಅಷ್ಟಾಗಿ ಹೆದರದಿರುವುದು, ಮುಳ್ಳು ತಿರುಗಿಸುವ ಗುಂಡಿ ನಾಲ್ಕು ಗಂಟೆಯ ಹತ್ತಿರ ಮೂಲೆಯಲ್ಲಿರುವುದು, ಗಟ್ಟಿಮುಟ್ಟಾಗಿರುವುದು. ಆರನೆಯ ಗುಣವೊಂದಿದೆ, ಅದನ್ನು ಕಂಪನಿಯವರು ಹೇಳುವುದಿಲ್ಲ. ಅದಕ್ಕೆ ಕೊನೆಗೆ ಬರುತ್ತೇನೆ.

ಹಂಪನಕಟ್ಟೆಯಲ್ಲಿ ಒಬ್ಬ ಹಿರಿಯರು ವಾಚ್ ರಿಪೇರಿ ಮಾಡುತ್ತಾರೆ. ಅಂಗಡಿ ಅಂದರೆ ಮೆಟ್ಟಿಲ ಕೆಳಗಿನ ಜಾಗ. ಒಂದು ಗಾಜಿನ ಪೆಟ್ಟಿಗೆ, ಒಂದು ಸ್ಟೂಲು, ಒಂದು ಟೇಬಲ್ ಲೈಟು. ಫ್ಯಾನ್ ಇದೆ, ಆದರೆ ವಾಚು ಬಿಚ್ಚಿದ ಮೇಲೆ ಹಾಕುವ ಹಾಗಿಲ್ಲ. ಹಾಕಿದರೆ ಸಾಸಿವೆ ಕಾಳಿಗಿಂತ ಸಣ್ಣ ಸ್ಕ್ರೂಗಳು ಎಲ್ಲಿ ಹೋದವು ಅಂತ ಹುಡುಕುವವರು ಯಾರು? ಮೇ ತಿಂಗಳ ಮಂಗಳೂರಿನಲ್ಲಿ ಫ್ಯಾನಿಲ್ಲದೆ ಕೂರುವುದು ಒಂದು ತಪಸ್ಸೇ. ಅವರು ಹಣೆಗೆ ಬೈರಾಸು ಸುತ್ತಿಕೊಂಡು ಕೆಲಸ ಮಾಡುತ್ತಾರೆ. ಬೆವರಿನ ಒಂದು ಹನಿ ಒಳಗೆ ಬಿದ್ದರೆ ತುಕ್ಕು. ಬಿಚ್ಚಿದ ಒಂದೊಂದೇ ಚಕ್ರವನ್ನು ಸ್ಟೀಲಿನ ತಟ್ಟೆಯಲ್ಲಿಟ್ಟು ಅದರ ಮೇಲೆ ಗಾಜಿನ ಲೋಟ ಬೋರಲು ಹಾಕುತ್ತಾರೆ, ಕೋಳಿಮರಿಗೆ ಬುಟ್ಟಿ ಮುಚ್ಚಿದ ಹಾಗೆ.

ಮಾವನ ವಾಚಿನ ಮುಚ್ಚಳ ತೆಗೆದು, ಕಣ್ಣಿಗೆ ಲೂಪ್ ಅನ್ನುವ ಪುಟ್ಟ ಭೂತಗನ್ನಡಿ ಸಿಕ್ಕಿಸಿ, ಒಂದು ನಿಮಿಷ ಸುಮ್ಮನಿದ್ದರು. ಆಮೇಲೆ ಮೂಸಿ ನೋಡಿದರು.

"ಇದಕ್ಕೆ ತೆಂಗಿನೆಣ್ಣೆ ಬಿಟ್ಟದ್ದು ಯಾರು ಮಾರಾಯ್ರೆ?"

ಯಾರು ಅಂತ ನನಗೆ ಕೂಡಲೇ ಗೊತ್ತಾಯಿತು. ಮಾವನಿಗೆ ತೆಂಗಿನೆಣ್ಣೆಯ ಮೇಲೆ ಭಾರೀ ನಂಬಿಕೆ. ತಲೆಗೆ ಅದೇ, ಬಾಗಿಲ ಕೀಲಿಗೆ ಅದೇ, ಹೊಲಿಗೆ ಮೆಷಿನಿಗೂ ಅದೇ. ವಾಚು ಮಾತ್ರ ಏನು ಪಾಪ ಮಾಡಿತ್ತು? "ಡಿಸೆಂಬರಿನಲ್ಲಿ ಬೆಳಿಗ್ಗೆ ಬಾಟ್ಲಿಯಲ್ಲಿ ಎಣ್ಣೆ ಕಟ್ಟುತ್ತದಲ್ಲ, ಇದರೊಳಗೂ ಹಾಗೇ ಕಟ್ಟಿರ್ತದೆ" ಎಂದು ಅವರು ನಕ್ಕರು. ವಾಚಿನ ಎಣ್ಣೆಯೇ ಬೇರೆ. ಅದನ್ನು ಸೂಜಿಯ ತುದಿಯಂಥ ಕಡ್ಡಿಯಲ್ಲಿ ಅದ್ದಿ, ಚಕ್ರದ ಅಚ್ಚು ತಿರುಗುವ ಪುಟ್ಟ ಕಲ್ಲಿನ ಗುಳಿಯೊಳಗೆ ಕಂಡೂ ಕಾಣದಷ್ಟು ಬಿಡುತ್ತಾರೆ. ಜಾಸ್ತಿಯಾದರೆ ಹರಿದು ಎಲ್ಲೆಲ್ಲಿಗೋ ಹೋಗುತ್ತದೆ, ಬೇಕಾದಲ್ಲಿ ಇರುವುದಿಲ್ಲ. ಹಳೇ ಎಣ್ಣೆ ಒಣಗಿ ಅಂಟಾದರೂ ವಾಚು ಓಡುತ್ತಲೇ ಇರುತ್ತದಂತೆ. ಆದರೆ ಒಳಗೆ ಅಚ್ಚುಗಳು ಸವೆಯುತ್ತಿರುತ್ತವೆ. ಅದಕ್ಕೇ ನಾಲ್ಕೈದು ವರ್ಷಕ್ಕೊಮ್ಮೆ ಬಿಚ್ಚಿ ತೊಳೆಯಬೇಕು, ಓಡುತ್ತಿದ್ದರೂ. "ಓಡ್ತಾ ಉಂಟಲ್ಲ" ಅನ್ನುವವರ ವಾಚೇ ತನಗೆ ಹೆಚ್ಚು ಕೆಲಸ ಕೊಡುವುದು ಎಂದರು. ಬಿಪಿ ಮಾತ್ರೆ ಬಿಟ್ಟವರನ್ನು ನೆನೆದು ನಾನು ತಲೆಯಾಡಿಸಿದೆ.

ಡಯಲ್‌ನಲ್ಲಿ ಮಳೆಗಾಲದ ಕಂದು ಚುಕ್ಕೆಗಳಿದ್ದವು. ಹೊಸ ಪೇಂಟ್ ಮಾಡಿಸಬಹುದಾ ಅಂತ ಕೇಳಿದೆ. "ನಿಮ್ಮ ಮಾವನ ಫೋಟೋಕ್ಕೆ ಪೇಂಟ್ ಮಾಡಿಸ್ತೀರಾ?" ಎಂದರು. ಮಾತು ಅಲ್ಲಿಗೆ ಮುಗಿಯಿತು.

ಹತ್ತು ದಿನದ ಮೇಲೆ ವಾಚು ಕೈಗೆ ಬಂತು. ಗಂಟೆಗೆ 21,600 ಬಡಿತ. ದಿನಕ್ಕೆ ಲೆಕ್ಕ ಹಾಕಿದರೆ 5,18,400. ಇಷ್ಟು ದುಡಿದೂ ಸಂಬಳ ಕೇಳುವುದಿಲ್ಲ, ಕೈ ಬೀಸಿಕೊಂಡು ನಡೆದರೆ ಸಾಕು. ಆದರೆ ವಾರದೊಳಗೆ ಅದಕ್ಕೆ ಹುಚ್ಚು ಹಿಡಿಯಿತು. ದಿನಕ್ಕೆ ಹನ್ನೆರಡು ನಿಮಿಷ ಮುಂದೆ. ಒಂದು ನಿಮಿಷಕ್ಕೆ ಡ್ರೈವರುಗಳು ಜಗಳಕ್ಕೆ ನಿಲ್ಲುವ ನಮ್ಮೂರಿನಲ್ಲಿ ಹನ್ನೆರಡು ನಿಮಿಷ ಅಂದರೆ ಏನು! ನಾನಂತೂ ಎರಡು ದಿನ ಸ್ಟೇಟ್ ಬ್ಯಾಂಕಿನ ಬಸ್ ನಿಲ್ದಾಣಕ್ಕೆ ಬೇಗ ಹೋಗಿ, ಹಿಂದಿನ ಬಸ್ಸಿನಲ್ಲಿ ಕಿಟಕಿ ಸೀಟು ಹಿಡಿದು ಕೂತೆ. ರಿಪೇರಿ ಕೆಟ್ಟಿತು ಅಂದುಕೊಂಡು ಸ್ವಲ್ಪ ಬಿಸಿಯಾಗಿಯೇ ಅಂಗಡಿಗೆ ಹೋದೆ. ಅವರು ಮುಚ್ಚಳವನ್ನೇ ತೆಗೆಯಲಿಲ್ಲ. ಡ್ರಾಯರಿನಿಂದ ಮಕ್ಕಳ ಆಟದ ದಿಕ್ಸೂಚಿಯಂಥದ್ದೊಂದನ್ನು ತೆಗೆದು ವಾಚಿನ ಪಕ್ಕ ಹಿಡಿದರು. ಮುಳ್ಳು ಗಡಗಡ ತಿರುಗಿತು.

"ರಾತ್ರಿ ಎಲ್ಲಿ ಇಡ್ತೀರಿ?"

ಮೊಬೈಲಿನ ಪಕ್ಕ. ಮೊಬೈಲಿಗೆ ಅಯಸ್ಕಾಂತದಿಂದ ಮುಚ್ಚಿಕೊಳ್ಳುವ ಪೌಚು. ಒಳಗಿನ ಹೇರ್‌ಸ್ಪ್ರಿಂಗಿಗೆ, ಅಂದರೆ ಬಡಿತದ ಲೆಕ್ಕ ಹಿಡಿಯುವ ಕೂದಲೆಳೆಯಂಥ ಸುರುಳಿಗೆ, ಅಯಸ್ಕಾಂತ ಹಿಡಿದರೆ ಸುರುಳಿಗಳು ಒಂದಕ್ಕೊಂದು ಅಂಟುತ್ತವೆ, ಸ್ಪ್ರಿಂಗು ಗಿಡ್ಡವಾದ ಹಾಗೆ ಆಗಿ ವಾಚು ಬೇಗ ಬೇಗ ಓಡತೊಡಗುತ್ತದೆ. ಅವರು ಅಯಸ್ಕಾಂತ ಬಿಡಿಸುವ ಒಂದು ನೀಲಿ ಪೆಟ್ಟಿಗೆಯ ಗುಂಡಿ ಒತ್ತಿಹಿಡಿದು, ವಾಚನ್ನು ಅದರ ಮೇಲಿನಿಂದ ನಿಧಾನಕ್ಕೆ, ದೃಷ್ಟಿ ತೆಗೆಯುವ ಹಾಗೆ ದೂರ ಎಳೆದರು. ಅಷ್ಟೇ. ಹುಚ್ಚು ಬಿಟ್ಟಿತು. ದುಡ್ಡು ತೆಗೆದುಕೊಳ್ಳಲಿಲ್ಲ, ಆದರೆ ಬಿಸಿಯಾಗಿ ಬಂದದ್ದು ಅವರಿಗೆ ತಿಳಿದಿತ್ತು ಅಂತ ಮುಖ ನೋಡಿದರೆ ಗೊತ್ತಾಗುತ್ತಿತ್ತು.

ಇಷ್ಟಾದರೂ ಒಳಗಿನದ್ದು ಸಲೀಸು. ನಿಜವಾದ ತಲೆನೋವು ಬೆಲ್ಟು.

ಅಪ್ಪನದ್ದೊಂದು ಎಚ್‌ಎಂಟಿ ಜನತಾ ಇದೆ. ಬೆಂಗಳೂರಿನಲ್ಲಿ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಜೊತೆ ಸೇರಿ ಶುರುವಾದ ಕಾರ್ಖಾನೆಯ ಮನೆತನದ್ದು. 2016ರಲ್ಲಿ ಆ ವಾಚುಗಳ ಕಥೆ ಮುಗಿಸಲು ಸರ್ಕಾರವೇ ತೀರ್ಮಾನ ಮಾಡಿತು. ಕಂಪನಿ ಹೋದರೂ ಬೆಲ್ಟಿಗೆ ಬರವಿಲ್ಲ, ಯಾಕೆಂದರೆ ಅದರಲ್ಲಿ ಬೆಲ್ಟು ಕೂರುವ ಎರಡು ಕಿವಿಗಳ ನಡುವೆ 18 ಮಿಲಿಮೀಟರ್. ಹದಿನೆಂಟು ಎಲ್ಲಾ ಅಂಗಡಿಯಲ್ಲಿ ಸಿಗುತ್ತದೆ. ಇಪ್ಪತ್ತೂ ಸಿಗುತ್ತದೆ. ಮಾವನ ವಾಚನ್ನು ಅಳೆದರೆ ಹತ್ತೊಂಬತ್ತು.

ನಾಲ್ಕು ಅಂಗಡಿ ತಿರುಗಿದೆ. ಎಲ್ಲರದ್ದೂ ಒಂದೇ ಮಾತು, "ಹದಿನೆಂಟು ಹಾಕಿ, ಗೊತ್ತೇ ಆಗುದಿಲ್ಲ." ಹಾಕಿದೆ. ಎರಡೂ ಕಡೆ ಅರ್ಧರ್ಧ ಮಿಲಿಮೀಟರ್ ಸಂದು. ಬೇರೆ ಯಾರಿಗೂ ಗೊತ್ತಾಗಲಿಲ್ಲ, ಸರಿ. ನನಗೆ ಮಾತ್ರ ಹಲ್ಲು ಬಿದ್ದ ಜಾಗಕ್ಕೆ ನಾಲಿಗೆ ಹೋಗುವ ಹಾಗೆ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ಇಪ್ಪತ್ತರದ್ದು ತಂದು ಮನೆಯಲ್ಲೇ ಅಂಚು ಕತ್ತರಿಸಿ ಕೂರಿಸಲು ನೋಡಿದೆ. ಚೂರಿಯ ತುದಿಯಿಂದ ಬೆಲ್ಟು ಹಿಡಿದಿಡುವ ಪಿನ್ ಒತ್ತಿದ್ದೇ ತಡ, ಒಳಗಿನ ಸ್ಪ್ರಿಂಗು ಅದನ್ನು ಟಪ್ಪನೆ ಎಲ್ಲಿಗೋ ಹಾರಿಸಿತು. ಚೂರಿ ಜಾರಿ ವಾಚಿನ ಕಿವಿಗೆ ಗೀರು. ಪಿನ್ ಮೂರು ದಿನದ ಮೇಲೆ ಅಕ್ಕಿ ಆರಿಸುವ ಗೆರಸೆಯಲ್ಲಿ ಸಿಕ್ಕಿತು. ಮನೆಯಲ್ಲಿ ಅದರ ಬಗ್ಗೆ ಬಂದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ.

ಕೊನೆಗೆ ಹಂಪನಕಟ್ಟೆಯವರೇ ಬ್ಲೇಡಿನಿಂದ ಎರಡು ಕಡೆ ಕೆರೆದು, ಅಂಚಿಗೆ ಬಣ್ಣ ಸವರಿ ಕೂರಿಸಿ ಕೊಟ್ಟರು. ಕಂದು ಚರ್ಮದ್ದು, ಚಂದ ಕಾಣುತ್ತಿತ್ತು. ಅಷ್ಟರಲ್ಲಿ ಮಳೆ ಬಂತು. ನಮ್ಮಲ್ಲಿ ಮಳೆಯನ್ನೂ ಮಿಲಿಮೀಟರಿನಲ್ಲೇ ಅಳೆಯುವುದು: ಬೆಲ್ಟು 19, ಮಳೆ ವರ್ಷಕ್ಕೆ 3,000ಕ್ಕೂ ಮೀರಿ. ಗೆಲ್ಲುವವರು ಯಾರು ಹೇಳಿ? ಆಟಿ ತಿಂಗಳಲ್ಲಿ ಒಂದು ವಾರ ಕಪಾಟಿನಲ್ಲಿಟ್ಟು ತೆಗೆದರೆ ಬೆಲ್ಟಿನ ತುಂಬ ಬಿಳಿ ಬೂಷ್ಟು. ಸ್ಟೀಲಿನ ಚೈನ್ ಹಾಕಿದೆ, ಕೈಯ ಕೂದಲು ಕಿತ್ತಿತು. ರಬ್ಬರಿನದ್ದಕ್ಕೆ ಬೆವರುಸಾಲೆ ಬಂತು. ಈಗ ನೈಲಾನ್ ಪಟ್ಟಿ. ಅದು ವಾಚಿನ ಹೊಟ್ಟೆಯಡಿಯಿಂದ ಉದ್ದಕ್ಕೆ ಹಾದು ಹೋಗುವುದರಿಂದ ಒಂದು ಪಿನ್ ಕೈಕೊಟ್ಟರೂ ವಾಚು ಕೆಳಗೆ ಬೀಳುವುದಿಲ್ಲ. ಇಪ್ಪತ್ತರದ್ದನ್ನು ಸ್ವಲ್ಪ ಮುದುರಿ ತೂರಿಸಿದರೂ ನಡೆಯುತ್ತದೆ. ಒಂದೇ ತೊಂದರೆ, ನೆನೆದರೆ ಬೇಗ ಒಣಗುವುದಿಲ್ಲ. ಮೂರು ದಿನ ಮನೆಯೊಳಗಿನ ಹಗ್ಗದಲ್ಲಿ ನೇತಾಡಿದ ಬನಿಯನಿನ ವಾಸನೆ ಬರುತ್ತದೆ. ಜುಲೈಯಲ್ಲಿ ಎಲ್ಲರಿಂದಲೂ ಅದೇ ವಾಸನೆ ಬರುವುದರಿಂದ ಯಾರೂ ಆಕ್ಷೇಪಿಸುವುದಿಲ್ಲ.

ಆರನೆಯ ಗುಣ ಹೇಳುತ್ತೇನೆ ಅಂದಿದ್ದೆ. ಗಲ್ಫಿನ ಮಾರುಕಟ್ಟೆಗೆ ಬಂದ ಈ ವಾಚಿನಲ್ಲಿ ವಾರದ ಹೆಸರು ಎರಡು ಭಾಷೆಯಲ್ಲಿದೆ, ಇಂಗ್ಲಿಷ್ ಮತ್ತು ಅರಬ್ಬಿ. ಒಂದೇ ಚಕ್ರದಲ್ಲಿ ಎರಡನ್ನೂ ಒಂದರ ಪಕ್ಕ ಒಂದು ಬರೆದಿದ್ದಾರೆ. ನಾವು ಇಂಗ್ಲಿಷಿಗೆ ಇಟ್ಟಿದ್ದರೂ ನಡುರಾತ್ರಿ ವಾರ ಬದಲಾಗುವಾಗ ಚಕ್ರ ಅರಬ್ಬಿಯನ್ನು ದಾಟಿಯೇ ಹೋಗಬೇಕು. ಕೆಲವು ಗಂಟೆ ಅಲ್ಲೇ ನಿಲ್ಲುತ್ತದೆ. ಮಲಗುವವರಿಗೆ ಇದು ಗೊತ್ತಾಗುವುದೇ ಇಲ್ಲ.

ಗೊತ್ತಾದದ್ದು ಆಟಕ್ಕೆ ಹೋದಾಗ. ಈಗ ಕಾಲಮಿತಿಯ ಯಕ್ಷಗಾನವೇ ಜಾಸ್ತಿ, ಬೆಳಗಿನವರೆಗಿನದ್ದು ಅಪರೂಪ. ಹಾಗೆ ಅಪರೂಪಕ್ಕೊಂದು ಹರಕೆಯಾಟಕ್ಕೆ ಅಕ್ಕನ ಮಗನನ್ನು ಕರೆದುಕೊಂಡು ಹೋಗಿದ್ದೆ. ಗಂಟೆ ಒಂದೂವರೆ. ಚೆಂಡೆಯ ನಡುವೆ ಹುಡುಗ ತೂಕಡಿಸುತ್ತಾ ನನ್ನ ಕೈ ಹಿಡಿದು ಸಮಯ ನೋಡಿದ. ಕಣ್ಣುಜ್ಜಿ ಮತ್ತೊಮ್ಮೆ ನೋಡಿದ.

"ಮಾವ, ಇದರಲ್ಲಿ ಎಂತ ಬರೆದದ್ದು?"

ಮಸ್ಕತ್ತು, ಅಜ್ಜನ ಮೊದಲ ರಜೆ, ಎರಡು ಭಾಷೆಯ ಚಕ್ರ, ಎಲ್ಲ ಹೇಳಿದೆ. ನಿದ್ದೆ ಪೂರ್ತಿ ಹಾರಿಹೋಯಿತು ಅವನಿಗೆ. ವಾಚನ್ನು ಬಿಚ್ಚಿಸಿ ತನ್ನ ಕೈಗೆ ಹಾಕಿಕೊಂಡ, ಕಿವಿಗಿಟ್ಟು ಕೇಳಿದ, ಚೆಂಡೆಯಿಂದಾಗಿ ಕೇಳಿಸಲಿಲ್ಲ. ಆಮೇಲೆ ನೈಲಾನ್ ಪಟ್ಟಿಯನ್ನು ಮೂಸಿ ಮುಖ ಕಿವುಚಿದ.

"ಮಾವ, ಇದಕ್ಕೆ ಬೇರೆ ಬೆಲ್ಟ್ ಹಾಕ್ಲಿಕ್ಕೆ ಆಗುದಿಲ್ವಾ?"