ಮರಕುಟಿಗಕ್ಕಿಲ್ಲದ ತಲೆನೋವು

ತುಂಬಿದ ಲೋಟ ಹಿಡಿದು ನಡೆಯುತ್ತಿರುವವನಿಗೆ ಹಿಂದಿನಿಂದ "ಹುಷಾರು!" ಎಂದು ಕೂಗುವುದಕ್ಕಿಂತ ಅಪಾಯಕಾರಿಯಾದ ಉಪಕಾರ ಇನ್ನೊಂದಿರಲಾರದು. ಅಲ್ಲಿಯವರೆಗೆ ಲೋಟದ ಮೇಲೆ ನೆಟ್ಟಿದ್ದ ಗಮನ ಕೂಗಿದವರ ಕಡೆಗೆ ಹೊರಳುತ್ತದೆ, ನೀರು ನೆಲದ ಕಡೆಗೆ. "ನಾನು ಹೇಳಲಿಲ್ಲವೇ?" ಎಂಬ ಮಾತು ನೀರು ನೆಲ ಮುಟ್ಟುವ ಮೊದಲೇ ಕಿವಿ ಮುಟ್ಟುತ್ತದೆ. ಕಪಾಟಿನ ಬಾಗಿಲ ಮೂಲೆ ತಲೆಗೆ ಬಡಿದು, ವೈದ್ಯರು ಅದಕ್ಕೆ ಕನ್ಕಷನ್ (ಪೆಟ್ಟಿಗೆ ಮಿದುಳು ಅಲುಗಿ ಅದರ ಕೆಲಸ ಕೆಲಕಾಲ ಏರುಪೇರಾಗುವುದು) ಎಂದು ಹೆಸರಿಟ್ಟ ಮೇಲೆ, ನಾನು ಕಪಾಟುಗಳಿಗಿಂತ ಹೆಚ್ಚಾಗಿ ಹಿತೈಷಿಗಳಿಗೆ ಹೆದರುತ್ತಿದ್ದೇನೆ.

ಸಿ.ಟಿ. ಸ್ಕ್ಯಾನಿನಲ್ಲಿ ಏನೂ ಕಾಣದಿದ್ದುದೇ ಎಲ್ಲ ಪಜೀತಿಗೆ ಮೂಲ. ಸ್ಕ್ಯಾನು ಹುಡುಕುವುದು ರಕ್ತಸ್ರಾವವನ್ನು, ಮೂಳೆಯ ಬಿರುಕನ್ನು. ಇಲ್ಲಿ ಕೆಟ್ಟಿರುವುದು ನರಕೋಶಗಳ ಒಳವ್ಯವಹಾರ. ಪೆಟ್ಟಿನ ರಭಸಕ್ಕೆ ಕೋಶಗಳಿಂದ ಪೊಟ್ಯಾಸಿಯಂ ಹೊರಬೀಳುತ್ತದೆ, ಕ್ಯಾಲ್ಸಿಯಂ ಒಳನುಗ್ಗುತ್ತದೆ. ಅದನ್ನು ಸರಿಪಡಿಸಲು ಗ್ಲೂಕೋಸು ಹೇರಳವಾಗಿ ಬೇಕಾದ ಹೊತ್ತಿನಲ್ಲೇ ಮಿದುಳಿಗೆ ರಕ್ತದ ಹರಿವು ತಗ್ಗುತ್ತದೆ. ಇದಾವುದೂ ಚಿತ್ರದಲ್ಲಿ ಮೂಡದ ಕಾರಣ, ವರದಿಯಲ್ಲಿ "ನಾರ್ಮಲ್" ಎಂದು ಓದಿದ ಬಂಧುಗಳು ನನ್ನ ಕೈಯಿಂದ ಜಾರುವ ಪ್ರತಿಯೊಂದು ವಸ್ತುವನ್ನೂ ಸ್ವಭಾವದೋಷದ ಲೆಕ್ಕಕ್ಕೆ ಬರೆದುಕೊಳ್ಳುತ್ತಾರೆ.

ಇವರಲ್ಲಿ ನನ್ನ ಭಾವನವರದು ಪ್ರತ್ಯೇಕ ಸ್ಥಾನ. "ಮರಕುಟಿಗ ದಿನವಿಡೀ ಮರಕ್ಕೆ ತಲೆ ಚಚ್ಚಿಕೊಳ್ಳುತ್ತದೆ, ಅದಕ್ಕೆ ತಲೆಸುತ್ತು ಬಂದದ್ದನ್ನು ಯಾರಾದರೂ ಕಂಡಿದ್ದಾರೆಯೇ?" ಎಂದು ಅವರು ಕೇಳಿದರು. ಅದರ ಬುರುಡೆಯಲ್ಲಿ ಆಘಾತವನ್ನು ಹೀರುವ ಸ್ಪಂಜಿನಂಥ ಮೂಳೆಯಿದೆಯೆಂದೂ, ಹೆಲ್ಮೆಟ್ ತಯಾರಿಸುವವರೂ ಅದನ್ನು ನೋಡಿ ಕಲಿತಿದ್ದಾರೆಂದೂ ವಿವರಿಸಿದರು. ಬುರುಡೆಯ ಗುಣಮಟ್ಟದಲ್ಲಿ ಹಕ್ಕಿಗಿಂತ ಕಡೆಯೆನಿಸಿಕೊಳ್ಳುವುದನ್ನು ನಾನು ಸಹಿಸಲಿಲ್ಲ. ಒಂದು ಪುಟ ಓದಿದರೆ ಅಕ್ಷರಗಳು ಜೋಡಿಜೋಡಿಯಾಗಿ ಕಾಣುತ್ತಿದ್ದ ಆ ದಿನಗಳಲ್ಲಿ, ಒಂದು ಕಣ್ಣು ಮುಚ್ಚಿಕೊಂಡು, ಕಂತುಕಂತಾಗಿ, ನಾನು ಮರಕುಟಿಗವನ್ನು ಅಭ್ಯಾಸ ಮಾಡಿದೆ. 2022ರಲ್ಲಿ ಬೆಲ್ಜಿಯಂನ ಸ್ಯಾಮ್ ವ್ಯಾನ್ ವಾಸೆನ್‌ಬರ್ಗ್ ಮತ್ತು ಸಂಗಡಿಗರು ಮೂರು ಜಾತಿಯ ಮರಕುಟಿಗಗಳು ಕುಟ್ಟುವುದನ್ನು ಅತಿವೇಗದ ಕ್ಯಾಮೆರಾಗಳಲ್ಲಿ ಸೆರೆಹಿಡಿದು ಅಳೆದಾಗ, ಆಘಾತ ಹೀರುವ ಕಥೆ ನಿಲ್ಲಲಿಲ್ಲ. ಕೊಕ್ಕು ಮರಕ್ಕೆ ತಾಗಿ ನಿಂತಂತೆಯೇ ತಲೆಯೂ ನಿಲ್ಲುತ್ತದೆ. ನಡುವೆ ಏನಾದರೂ ಪೆಟ್ಟನ್ನು ಹೀರಿಕೊಂಡಿದ್ದರೆ ಕುಟ್ಟುವ ಬಲವೇ ವ್ಯರ್ಥವಾಗಿ, ಹಕ್ಕಿ ಇನ್ನಷ್ಟು ಜೋರಾಗಿ ಕುಟ್ಟಬೇಕಾಗುತ್ತಿತ್ತು. ಅದು ಪಾರಾಗುವುದು ಮಿದುಳು ತೀರ ಚಿಕ್ಕದಾಗಿರುವುದರಿಂದ: ಮನುಷ್ಯನ ಮಿದುಳು ಸುಮಾರು 1,400 ಗ್ರಾಂ ತೂಗಿದರೆ ಅದರದು ಕೆಲವೇ ಗ್ರಾಂ, ಅಷ್ಟು ಸಣ್ಣ ಮಿದುಳಿನೊಳಗೆ ಅಪಾಯದ ಮಟ್ಟಕ್ಕೆ ಒತ್ತಡ ಏರುವುದಿಲ್ಲ. "ಭಾವ, ಮಿದುಳು ಸಣ್ಣದಿದ್ದವರಿಗೆ ಈ ತೊಂದರೆಯೇ ಇಲ್ಲವಂತೆ" ಎಂದು ನಾನು ವಿನಯದಿಂದಲೇ ತಿಳಿಸಿದೆ. ಅವರು ಅದನ್ನು ಪಕ್ಷಿಶಾಸ್ತ್ರವಾಗಿ ಸ್ವೀಕರಿಸಲಿಲ್ಲ. ಇಷ್ಟಕ್ಕೇ ಬಿಡಬಹುದಿತ್ತು, ಬಿಡಲಿಲ್ಲ: 2018ರ ಇನ್ನೊಂದು ಅಧ್ಯಯನದಲ್ಲಿ ಮರಕುಟಿಗಗಳ ಮಿದುಳಿನಲ್ಲಿ ಟೌ ಎಂಬ ಪ್ರೋಟೀನು ಶೇಖರವಾಗಿದ್ದುದು ಕಂಡಿತ್ತು, ಪದೇಪದೇ ತಲೆಗೆ ಪೆಟ್ಟು ತಿಂದ ಮನುಷ್ಯರಲ್ಲಿಯೂ ಕಾಣುವುದು ಅದೇ. ಅದರಿಂದ ಹಕ್ಕಿಗೆ ಬಾಧೆಯಿದೆಯೋ ಇಲ್ಲವೋ ಎಂಬುದನ್ನು ವಿಜ್ಞಾನಿಗಳು ಇತ್ಯರ್ಥ ಮಾಡಿರಲಿಲ್ಲ. ಹಕ್ಕಿ ಸುಖವಾಗಿದೆಯೆಂದು ಖಚಿತವಾಗಿ ಹೇಳಿದವರು ನನ್ನ ಭಾವ ಒಬ್ಬರೇ.

ಕತ್ತಲೆ ಕೋಣೆಯಲ್ಲಿ ದಿನಗಟ್ಟಲೆ ಮಲಗಿಸುವ ಪದ್ಧತಿಯನ್ನು ತಜ್ಞರು ಕೈಬಿಟ್ಟಿದ್ದಾರೆ. ಮೊದಲ 24ರಿಂದ 48 ಗಂಟೆ ಹಗುರವಾಗಿದ್ದು, ಅನಂತರ ಸಣ್ಣಗೆ ನಡೆದಾಡಿ ಎನ್ನುತ್ತಾರೆ. ನಡೆದಾಟವೇನೋ ಸರಿ, ಬಾಗಿಲುಗಳದೇ ಸಮಸ್ಯೆ. ಚೌಕಟ್ಟನ್ನು ದಾಟಿದೆನೆಂದು ಕಣ್ಣು ತೀರ್ಮಾನಿಸುವಾಗ ಎಡಭುಜ ಇನ್ನೂ ಅದರ ಆಚೆಗೇ ಉಳಿದಿರುತ್ತದೆ. ಬೀಗದ ಕೈ ರಂಧ್ರದಿಂದ ಅರ್ಧ ಬೆರಳಿನಷ್ಟು ಪಕ್ಕದಲ್ಲಿ ಲೋಹವನ್ನು ಕೆರೆದು, ಒಮ್ಮೆ ಹಿಂದೆ ಸರಿದು, ಮತ್ತೆ ಅದೇ ಜಾಗವನ್ನೇ ಕೆರೆಯುತ್ತದೆ. ಹಾಗಾಗಿ ಲೋಟಕ್ಕೆ ಅರ್ಧವೇ ನೀರು, ಪ್ಯಾಂಟು ಕುಳಿತುಕೊಂಡೇ, ಗೋಡೆಗೆಂದು ಒಂದು ಕೈ ಸದಾ ಖಾಲಿ.

ವೈದ್ಯರು ಒಂದು ಪರೀಕ್ಷೆ ಮಾಡಿದರು: ಒಂದು ಪಾದದ ಹೆಬ್ಬೆರಳಿಗೆ ಇನ್ನೊಂದರ ಹಿಮ್ಮಡಿ ತಾಗಿಸುತ್ತ ಗೆರೆಯ ಮೇಲೆ ನಡೆಯಬೇಕು, ಜೊತೆಗೆ ನೂರರಿಂದ ಏಳೇಳನ್ನು ಕಳೆಯುತ್ತ ಹೋಗಬೇಕು. ತೊಂಬತ್ಮೂರು ಎನ್ನುವಾಗ ಕಾಲು ಗೆರೆ ಬಿಟ್ಟಿತು. ಕಾಲನ್ನು ಗೆರೆಗೆ ತಂದಾಗ ಎಂಬತ್ತಾರು ಸಿಗಲಿಲ್ಲ. ಎರಡನ್ನು ಒಟ್ಟಿಗೆ ನಡೆಸುವಷ್ಟು ಗಮನ ಸದ್ಯಕ್ಕೆ ದಾಸ್ತಾನಿನಲ್ಲಿಲ್ಲವೆಂದು ಅವರೇ ಹೇಳಿದ ಮೇಲೆ, ಮೆಟ್ಟಿಲು ಹತ್ತಿಳಿಯುವಾಗ ಯಾರಿಗೂ ಉತ್ತರ ಕೊಡುವುದನ್ನು ನಿಲ್ಲಿಸಿದ್ದೇನೆ. ತಲೆಗೆ ಪೆಟ್ಟು ಬಿದ್ದಮೇಲೆ ನನಗೆ ಜಂಬ ಬಂದಿದೆಯೆಂದು ಚಿಕ್ಕಮ್ಮ ನಾಲ್ಕು ಜನರ ಮುಂದೆ ಹೇಳಿದ್ದಾರೆ. ಆ ಅಭಿಪ್ರಾಯವನ್ನು ತಿದ್ದುವ ಗೋಜಿಗೆ ನಾನು ಹೋಗಿಲ್ಲ; ಅದು ಹಬ್ಬಿದ ಮೇಲೆ ಮೆಟ್ಟಿಲುಗಳ ಮೇಲೆ ನನ್ನನ್ನು ಮಾತಾಡಿಸುವವರು ಬಹಳ ಕಡಿಮೆಯಾಗಿದ್ದಾರೆ.